ಹದಿನೇಳನೇ ಮೊಲದ ಗೆರೆ

ಫೆಬ್ರವರಿ ೧೧, ಮಂಗಳವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಸಂಶೋಧನಾ ಕಟ್ಟಡದ ಮೂರನೇ ಮಹಡಿಯ ಕಾರಿಡಾರಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಬೀರುವಿನಷ್ಟು ಎತ್ತರದ ಫ್ರೀಜರ್, ಬಾಗಿಲಿನ ಮೇಲೆ ಕೆಂಪು ಅಂಕಿಯಲ್ಲಿ ಮೈನಸ್ ಎಂಬತ್ತು. ಐವತ್ತೆಂಟು ವರ್ಷದ ಹೆಂಗಸೊಬ್ಬರು ಸ್ವೆಟರಿನ ಮೇಲೆ ಬಿಳಿ ಕೋಟು ಹಾಕಿ, ಮೊಣಕೈವರೆಗೆ ಬರುವ ದಪ್ಪ ಕೈಗವಸು ತೊಟ್ಟು, ಹಿಡಿಕೆಯನ್ನು ಎರಡೂ ಕೈಯಿಂದ ಎಳೆಯುತ್ತಾರೆ. ಬಿಳಿ ಹೊಗೆ ಪಾದದ ಮೇಲೆ ಇಳಿಯುತ್ತದೆ. ಮೂರನೇ ಅರೆ, ಎಡದಿಂದ ಎರಡನೇ ಪೆಟ್ಟಿಗೆ, ನಾಲ್ಕನೇ ಸಾಲು. ಕೈ ಹೋಗಿ ಬರುವುದರೊಳಗೆ ಬಾಗಿಲು ಮತ್ತೆ ಮುಚ್ಚಿದೆ.

ಅವರ ಬೆರಳ ತುದಿಯಲ್ಲಿರುವುದು ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಪ್ಲಾಸ್ಟಿಕ್ ನಳಿಗೆ. ಬೆಳಕಿಗೆ ಹಿಡಿದರೂ ಖಾಲಿ ಎನಿಸುತ್ತದೆ. ಓರೆ ಮಾಡಿದಾಗ ಮಾತ್ರ ತಳದಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಹಳದಿ ಮಂಜಿನ ಚೂರು ಕಾಣುತ್ತದೆ.

"ಇದೇ ನಮ್ಮ ಹದಿನೇಳು. ಒಂದೊಂದು ನಳಿಗೇಲಿ ಹತ್ತೇ ಹತ್ತು ಮೈಕ್ರೋಲೀಟರ್. ನಿನ್ನೆವರೆಗೆ ಇಂಥವು ಹದಿನಾರು ಇದ್ವು," ಎನ್ನುತ್ತಾರೆ. ಹದಿನಾರೂ ಸೇರಿದರೆ ಕಣ್ಣಿಗೆ ಹಾಕುವ ಔಷಧಿಯ ನಾಲ್ಕು ಹನಿಯೂ ಆಗುವುದಿಲ್ಲ.

ಹದಿನೇಳು ಎಂದರೆ ಹದಿನೇಳನೇ ನಂಬರಿನ ಮೊಲ. ಅದು ಸತ್ತು ಮೂವತ್ತು ವರ್ಷವಾಗಿದೆ.

ಈ ಕಟ್ಟಡದಲ್ಲಿ ಅವರ ನಿಜವಾದ ಹೆಸರು ಗೊತ್ತಿರುವುದು ಸಂಬಳದ ವಿಭಾಗಕ್ಕೆ ಮಾತ್ರ. ಉಳಿದವರಿಗೆಲ್ಲ ಅವರು ಗೆರೆಯಕ್ಕ. ಮೂವತ್ತೈದು ವರ್ಷಗಳಿಂದ ಅವರ ಕೆಲಸ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆ ಮೂಡಿಸುವುದು, ಮೂಡಿದ ಗೆರೆ ನಿಜವೋ ಸುಳ್ಳೋ ಹೇಳುವುದು. ಅವರ ರಿಜಿಸ್ಟರಿನ ಪ್ರಕಾರ ಇಂದು ಮಾಡುತ್ತಿರುವುದು ೮,೬೧೨ನೆಯ ಹಾಳೆ.

ಗೆರೆ ಯಾತಕ್ಕೆ ಎನ್ನುವುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ತೆಳುವಾದ ಪೊರೆ ಇದೆ. ಅದರಲ್ಲಿ ಉಪ್ಪಿನ ಅಂಶಗಳು ಹಾದುಹೋಗಲು ಪ್ರೊಟೀನಿನಿಂದಾದ ಚಿಕ್ಕ ಚಿಕ್ಕ ದ್ವಾರಗಳಿವೆ. ಕ್ಲೋರೈಡ್ ಒಂದನ್ನೇ ಬಿಡುವ ದ್ವಾರಗಳಿಗೆ ಕ್ಲೋರೈಡ್ ಚಾನೆಲ್ ಎಂದು ಹೆಸರು. ಮೂತ್ರಪಿಂಡದಲ್ಲಿ, ಶ್ವಾಸಕೋಶದಲ್ಲಿ, ಮೂಳೆಯಲ್ಲಿ ಬೇರೆ ಬೇರೆ ಬಗೆಯವು ಇವೆ. ಗೆರೆಯಕ್ಕನ ಪಾಲಿಗೆ ಬಂದಿರುವುದು ಸ್ನಾಯುವಿನ ಚಾನೆಲ್. ಸ್ನಾಯು ಒಮ್ಮೆ ಬಿಗಿದ ಮೇಲೆ ತಣ್ಣಗಾಗಿ ಸಡಿಲಬೇಕಾದರೆ ಈ ದ್ವಾರ ಸರಿಯಾಗಿರಬೇಕು. ಹುಟ್ಟಿನಿಂದಲೇ ಅದು ಕೆಟ್ಟಿದ್ದರೆ ಹಿಡಿದ ಮುಷ್ಟಿ ಬಿಚ್ಚುವುದಿಲ್ಲ, ಕುಳಿತವರು ದಡಕ್ಕನೆ ಎದ್ದರೆ ಕಾಲು ಕೊರಡಾಗುತ್ತದೆ. ವಿಚಿತ್ರವೆಂದರೆ ಅದೇ ಚಲನೆಯನ್ನು ಹತ್ತು ಸಲ ಮಾಡುವಷ್ಟರಲ್ಲಿ ಎಲ್ಲ ಸಲೀಸಾಗುತ್ತದೆ. ಆದ್ದರಿಂದಲೇ ನೋಡಿದವರು ನಾಟಕ ಎನ್ನುತ್ತಾರೆ.

ಆ ಮಾತು ಕೇಳಿಸಿಕೊಂಡವರಲ್ಲಿ ಒಬ್ಬರು ಅಂಚೆ ವಿಂಗಡಿಸುವ ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸು. ಬೆಳಿಗ್ಗೆ ಕೈಗೆತ್ತಿಕೊಂಡ ಮೊದಲ ಕಂತೆ ಅವರ ಕೈಯಿಂದ ಬಿಟ್ಟುಬರುವುದಿಲ್ಲ. ಹತ್ತನೇ ಕಂತೆಯ ಹೊತ್ತಿಗೆ ಕೈ ಎಲ್ಲರ ಕೈಯಂತೆ ಓಡುತ್ತದೆ. ಮೇಲಧಿಕಾರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ರಕ್ತ ಪರೀಕ್ಷೆಯಲ್ಲಿ ಆಕೆಯ ವಂಶವಾಹಿಯಲ್ಲಿ ಒಂದು ಅಕ್ಷರ ಬದಲಾಗಿರುವುದು ಗೊತ್ತಾಗಿದೆ. ಆದರೆ ಆ ಬದಲಾವಣೆ ಮೊದಲು ಯಾರಲ್ಲೂ ಕಂಡಿದ್ದಲ್ಲ. ವರದಿಯಲ್ಲಿ ಬರೆದದ್ದು ಎರಡೇ ಪದ: ‘ಅರ್ಥ ಅನಿಶ್ಚಿತ’. ಆ ಎರಡು ಪದ ಹಿಡಿದುಕೊಂಡು ಹೋದರೆ ಹಗುರ ಕೆಲಸವೂ ಸಿಗುವುದಿಲ್ಲ, ರಜೆಯೂ ಸಿಗುವುದಿಲ್ಲ.

ಕಳೆದ ವರ್ಷ ಆಕೆ ಪ್ರಯೋಗಾಲಯಕ್ಕೆ ಬಂದಿದ್ದರು. "ನಮಸ್ಕಾರ ಅಂದು ಕೈ ಕುಲುಕಿದ್ರು. ಬಿಡೋಕೇ ಆಗ್ಲಿಲ್ಲ ಅವರಿಗೆ," ಎಂದು ಗೆರೆಯಕ್ಕ ನೆನೆಯುತ್ತಾರೆ. "ಮುಖ ಕೆಂಪಾಗಿ ಹೋಯ್ತು ಪಾಪ. ನಾನು, ಇರ್ಲಿ ಬಿಡಮ್ಮ, ನಂಗೇನು ಅವಸರ ಇಲ್ಲ ಅಂದೆ. ಮನಸ್ಸಲ್ಲೇ ಎಣಿಸ್ತಿದ್ದೆ. ಹನ್ನೊಂದು ಸೆಕೆಂಡು. ಹನ್ನೊಂದು ಸೆಕೆಂಡು ಯಾರಾದ್ರೂ ನಾಟಕ ಮಾಡ್ತಾರಾ, ಅದೂ ನನ್ನಂಥವಳ ಕೈ ಹಿಡ್ಕೊಂಡು?"

ಆಕೆಯ ಬದಲಾದ ವಂಶವಾಹಿಯನ್ನು ಪ್ರಯೋಗಾಲಯದ ಕೋಶಗಳಿಗೆ ಸೇರಿಸಿ, ಆ ಕೋಶಗಳು ಚಾನೆಲ್ ಪ್ರೊಟೀನನ್ನು ಸರಿಯಾಗಿ ತಯಾರಿಸುತ್ತವೆಯೇ ಎಂದು ನೋಡಬೇಕು. ನೋಡಲು ಒಂದು ಗುರುತುಗಾರ ಬೇಕು. ಲಕ್ಷಾಂತರ ಪ್ರೊಟೀನುಗಳ ಜಾತ್ರೆಯಲ್ಲಿ ಇದೊಂದನ್ನೇ ಹುಡುಕಿ ಕೈ ಹಿಡಿಯುವ ಗುರುತುಗಾರ. ಅದೇ ಪ್ರತಿಕಾಯ, ಅಂದರೆ ಆಂಟಿಬಾಡಿ. ಪ್ರೊಟೀನಿನ ಒಂದು ತುಣುಕನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತದಲ್ಲಿ ಅದು ತಯಾರಾಗುತ್ತದೆ. ಆದರೆ ಎಲ್ಲ ಮೊಲಗಳೂ ಒಳ್ಳೆಯದನ್ನು ಕೊಡುವುದಿಲ್ಲ. ಕೊಟ್ಟ ಮೊಲ ಸತ್ತ ಮೇಲೆ ಅಂಥದ್ದೇ ಇನ್ನೊಂದು ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಹದಿನೇಳನೆಯದು ಅಂಥ ಒಂದು ಮೊಲ.

"ಅರವತ್ತು ಮಿಲಿಲೀಟರ್ ಇತ್ತು ಮೊದ್ಲು. ಕೇಳಿದೋರಿಗೆಲ್ಲ ಕಳ್ಸಿದ್ವಿ. ಒಂದು ಸಲ ಫ್ರೀಜರ್ ಕೆಟ್ಟು ಇಪ್ಪತ್ತು ಹಾಳಾಯ್ತು. ಮಿಕ್ಕಿದ್ದನ್ನ ಅಳೆದೂ ಸುರಿದೂ ಇಲ್ಲಿಗೆ ತಂದಿದೀನಿ," ಎನ್ನುತ್ತಾರೆ. ಒಂದು ಹಾಳೆಗೆ ಒಂದು ನಳಿಗೆ ಬೇಕು. ಇನ್ನು ಹದಿನೈದು ಹಾಳೆಗಳಾದರೆ ಆ ಪೆಟ್ಟಿಗೆ ಖಾಲಿ. ಅದರ ನಂತರ ಅಂಚೆಯಾಕೆಗೂ ಅವರ ಹಿಂದೆ ಸರದಿಯಲ್ಲಿರುವ ಎಂಟು ಕುಟುಂಬಗಳಿಗೂ ಉತ್ತರ ಹೇಳುವವರಿಲ್ಲ. ಗೆರೆಯಕ್ಕ ನಿವೃತ್ತರಾಗುವುದು ಮಾರ್ಚ್ ಮೂವತ್ತೊಂದಕ್ಕೆ. ನಲವತ್ತೆಂಟು ದಿನಗಳಲ್ಲಿ ಹದಿನೇಳಕ್ಕೆ ಒಂದು ಉತ್ತರಾಧಿಕಾರಿ ಸಿಗಬೇಕು.

ಆರೂ ಕಾಲಿಗೆ ಅವರು ಆರು ಮಾದರಿಗಳ ನಳಿಗೆಗಳನ್ನು ಬಿಸಿ ಮಾಡುವ ಪುಟ್ಟ ಯಂತ್ರದಲ್ಲಿ ಇಡುತ್ತಾರೆ. ಯಂತ್ರದ ಅಂಕಿ ಮೂವತ್ತೇಳು ಡಿಗ್ರಿ, ಮೈ ಬಿಸಿಯಷ್ಟೇ. ಯಂತ್ರದ ಹಿಂದಿನ ಗೋಡೆಯ ಮೇಲೆ ಒಂದು ಅಡಿ ಎತ್ತರದ ನೀಲಿ ಅಕ್ಷರಗಳಲ್ಲಿ, ಅಂಚಿಗೆ ಕೆಂಪು ನೆರಳು ಕೊಟ್ಟು, ಬರೆದಿದೆ: ಕುದಿಸಬೇಡಿ.

ಹೊಸದಾಗಿ ಬಂದವರು ಅದನ್ನು ಚಹಾಕ್ಕೆ ಸಂಬಂಧಿಸಿದ ಎಚ್ಚರಿಕೆ ಎಂದುಕೊಳ್ಳುತ್ತಾರೆ. ಅದರ ಹಿಂದೆ ಒಂದು ಕತೆ ಇದೆ.

ಗೆರೆಯಕ್ಕ ಇಲ್ಲಿಗೆ ಬಂದದ್ದು ಹತ್ತೊಂಬತ್ತನೇ ವಯಸ್ಸಿಗೆ, ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ. ತಂದೆ ತೀರಿಕೊಂಡಿದ್ದರು, ಇಬ್ಬರು ತಮ್ಮಂದಿರು ಶಾಲೆಯಲ್ಲಿದ್ದರು. ಇಲ್ಲಿ ಕಸ ಗುಡಿಸುತ್ತಿದ್ದ ಚಿಕ್ಕಮ್ಮ ಹೇಳಿಸಿ ಸೇರಿಸಿದರು. ಓದಿದ್ದು ಹನ್ನೆರಡನೇ ತರಗತಿ. ದಿನಕ್ಕೆ ಮುನ್ನೂರು ಗಾಜಿನ ಕೊಳವೆ ತೊಳೆದು, ಮೂರು ಸಲ ಶುದ್ಧ ನೀರಲ್ಲಿ ಜಾಲಿಸಿ ಒಣಗಿಸಬೇಕಿತ್ತು. ಅವರು ತೊಳೆದ ಗಾಜಿನಲ್ಲಿ ಮಾಡಿದ ಪ್ರಯೋಗಗಳು ಕೆಡುವುದಿಲ್ಲ ಎಂಬುದನ್ನು ಆಗಿನ ಮುಖ್ಯಸ್ಥರು ಗಮನಿಸಿದರು. ಎಲ್ಲರೂ ಅವರನ್ನು ದೊಡ್ಡ ಮೇಷ್ಟ್ರು ಎನ್ನುತ್ತಿದ್ದರು. ನಾಲ್ಕು ವರ್ಷದ ನಂತರ ಅವರೇ ಇವರನ್ನು ಕರೆದು ಜೆಲ್ ಹಾಕುವುದನ್ನು ಕಲಿಸಿದರು. ಜೆಲ್ ಎಂದರೆ ವಿದ್ಯುತ್ ಹರಿಸಿ ಪ್ರೊಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಲೋಳೆಯಂಥ ತೆಳು ಹಲಗೆ; ಅಲ್ಲಿಂದ ಅವನ್ನು ಹಾಳೆಗೆ ಇಳಿಸುತ್ತಾರೆ.

ಹದಿನೇಳನೇ ಮೊಲದ ಸೀರಮ್, ಅಂದರೆ ಆಂಟಿಬಾಡಿ ತುಂಬಿದ ರಕ್ತದ ತಿಳಿ, ಬಂದಾಗ ಇವರಿಗೆ ಇಪ್ಪತ್ತೇಳು. ಪ್ರೊಟೀನುಗಳನ್ನು ಜೆಲ್ಲಿನ ಮೇಲೆ ಓಡಿಸುವ ಮೊದಲು ಐದು ನಿಮಿಷ ಕುದಿಸುವುದು ಎಲ್ಲ ಪ್ರಯೋಗಾಲಯಗಳ ರೂಢಿ. ಎಲ್ಲರೂ ಕುದಿಸುತ್ತಿದ್ದರು, ಇವರೂ ಕುದಿಸಿದರು. ಎರಡು ವಾರ ಹಾಳೆ ಬೋಳು ಬೋಳು. ಸೀರಮ್ ಕೆಲಸಕ್ಕೆ ಬಾರದು, ಚೆಲ್ಲಿಬಿಡು ಎಂದರು ದೊಡ್ಡ ಮೇಷ್ಟ್ರು.

"ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಪಾಪದ ಪ್ರಾಣಿ ಕೊಟ್ಟಿದ್ದು. ಫ್ರೀಜರಲ್ಲಿ ಐಸ್ ಹಿಂದೆ ಬಚ್ಚಿಟ್ಟೆ," ಎನ್ನುತ್ತಾರೆ.

ಮೂರನೇ ವಾರ ಒಂದು ಬೆಳಿಗ್ಗೆ ಅವರು ಜೆಲ್ ಹಾಕಿ ಮುಗಿಸುವ ಹೊತ್ತಿಗೆ ಕರೆಂಟ್ ಹೋಯಿತು. ಕುದಿಸುವ ಯಂತ್ರ ಉಗುರುಬೆಚ್ಚಗೆ ಬಂದು ನಿಂತಿತ್ತು. ಕರೆಂಟ್ ಬಂದಾಗ ಅದು ಮತ್ತೆ ಕಾದು ಕುದಿಸುವಷ್ಟು ಸಮಯವಿರಲಿಲ್ಲ. ಹಾಕಿದ ಜೆಲ್ ದಂಡವಾಗುತ್ತದಲ್ಲ ಎಂದು ಹಾಗೇ ಓಡಿಸಿದರು, ಬಚ್ಚಿಟ್ಟಿದ್ದ ಸೀರಮ್ಮನ್ನೇ ಹಾಕಿದರು. ಸಂಜೆ ಹಾಳೆಯ ಮೇಲೆ ಗೆರೆ ಇತ್ತು. ಇರಬೇಕಾದ ಎತ್ತರದಲ್ಲೇ ಇತ್ತು.

ಪೊರೆಯೊಳಗೆ ಹುದುಗಿ ಬದುಕುವ ಇಂಥ ಪ್ರೊಟೀನನ್ನು ಕುದಿಸಿದರೆ ಅದು ಬೆಂದ ಮೊಟ್ಟೆಯ ಹಾಗೆ ಗಂಟುಕಟ್ಟಿ, ಜೆಲ್ಲಿನ ಹೊಸ್ತಿಲಲ್ಲೇ ಕೂತುಬಿಡುತ್ತದೆ. ಒಳಗೆ ಹೋಗುವುದೇ ಇಲ್ಲ. ಸೀರಮ್ಮಿನ ತಪ್ಪು ಏನೂ ಇರಲಿಲ್ಲ. ಈಗ ಇದು ಈ ವಿಷಯದಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಆಗ ಆ ಮಹಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಕರೆಂಟ್ ಹೋದ ದಿನ ಕೆಲಸ ಮಾಡ್ತು ಸಾರ್ ಅಂದ್ರೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ನಿಂಗೆ ದೆವ್ವ ಗಿವ್ವ ಹಿಡಿದಿದ್ಯಾ ಅಂದ್ರು. ಒಂದು ತಿಂಗಳು ಒಂದೇ ಜೆಲ್ಲಲ್ಲಿ ಒಂದು ಕಡೆ ಕುದಿಸಿದ್ದು, ಒಂದು ಕಡೆ ಕುದಿಸದೇ ಇದ್ದದ್ದು ಹಾಕಿ ಹಾಕಿ ತೋರಿಸ್ದೆ."

ದೊಡ್ಡ ಮೇಷ್ಟ್ರು ಒಪ್ಪಿದರು. ಪ್ರಬಂಧ ಪ್ರಕಟವಾಯಿತು. ಬರೆದವರ ಪಟ್ಟಿಯಲ್ಲಿ ಗೆರೆಯಕ್ಕನ ಹೆಸರಿಲ್ಲ. ಕೊನೆಯ ಪುಟದ ಕೃತಜ್ಞತೆಯಲ್ಲಿ ‘ತಾಂತ್ರಿಕ ನೆರವು’ ಎಂದು ಒಂದು ಸಾಲು ಇದೆ. ಬೇಸರವಾಗಲಿಲ್ಲವೇ ಎಂದರೆ, "ಆಯ್ತು," ಎಂದು ನೇರವಾಗಿ ಒಪ್ಪಿಕೊಳ್ಳುತ್ತಾರೆ. "ಆದ್ರೆ ಮೇಷ್ಟ್ರು ಗೋಡೆ ಮೇಲೆ ಬರೆಸಿದ್ರಲ್ಲ. ಪ್ರಬಂಧ ಯಾರು ಓದ್ತಾರೆ? ಗೋಡೆ ದಿನಾ ಓದ್ತಾರೆ."

ಗೋಡೆಗೆ ಬರೆಯಲು ಬಂದವನು ಅಂಗಡಿಗಳ ಬೋರ್ಡು ಬರೆಯುವ ಒಬ್ಬ ಕಲಾವಿದ. ಕುಂಚ ಅದ್ದಿಕೊಂಡು "ಏನನ್ನ ಕುದಿಸಬಾರದು?" ಎಂದು ಕೇಳಿದ. ಇವರು ಅರ್ಧ ಗಂಟೆ ವಿವರಿಸಿದರು. ಮರುದಿನ ಅವನು ಅಕ್ಷರಕ್ಕೆ ನೆರಳು ಕೊಡುವುದು ಮರೆತುಹೋಯಿತೆಂದು ಮತ್ತೆ ಬಂದ. ಮೂರನೇ ದಿನ ಬಣ್ಣ ಒಣಗಿದೆಯೇ ಎಂದು ನೋಡಲು ಬಂದ. ಆ ಮದುವೆಗೆ ಈಗ ಇಪ್ಪತ್ತೊಂಬತ್ತು ವರ್ಷ.

ಯಜಮಾನರ ಬೋರ್ಡು ಬರೆಯುವ ಕೆಲಸ ಪ್ಲಾಸ್ಟಿಕ್ ಬ್ಯಾನರುಗಳು ಬಂದ ಮೇಲೆ ಬತ್ತಿತು. ಆದರೆ ಪ್ರಯೋಗಾಲಯದಲ್ಲಿ ಅವರಿಗೆ ಒಂದು ಸಂಬಳವಿಲ್ಲದ ಹುದ್ದೆ ಇದೆ. ನಳಿಗೆಗಳ ಮೇಲಿನ ಚೀಟಿಗಳನ್ನು ಬರೆಯುವವರು ಅವರೇ. ಪೆನ್ನಿನ ಶಾಯಿ ಸ್ಪಿರಿಟ್ ತಾಗಿದರೆ ಹರಡಿಬಿಡುತ್ತದೆ, ಆದ್ದರಿಂದ ಪೆನ್ಸಿಲ್. "ಎರಡಾಳೆತ್ತರದ ಅಕ್ಷರ ಬರೀತಿದ್ದ ಕೈ ಇದು. ಈಗ ಇವಳು ಇರುವೆಗೆ ಓಲೆ ಬರೆಸ್ತಾಳೆ," ಎಂಬುದು ಅವರ ನಿತ್ಯದ ದೂರು.

ಇನ್ನೊಂದು ಜವಾಬ್ದಾರಿಯೂ ಅವರದೇ. ಮುಖ್ಯವಾದ ಪ್ರಯೋಗದ ಹಿಂದಿನ ಸಂಜೆ ಹೆಂಡತಿಯನ್ನು ಕರೆದೊಯ್ಯಲು ಬಂದವರು ಕಾರಿಡಾರಿನ ಸ್ಟೂಲಿನ ಮೇಲೆ ಕೂತು, ಐಸ್ ಬಕೆಟ್ ಮುಂದಿಟ್ಟುಕೊಂಡು, ಮಾದರಿಗಳ ಹೆಸರಿನ ಚೀಟಿಗಳನ್ನು ಕಿತ್ತು, ತಮಗೆ ತೋಚಿದ ಕ್ರಮದಲ್ಲಿ ಬರೀ ಅಂಕಿಗಳನ್ನು ಅಂಟಿಸುತ್ತಾರೆ. ಯಾವ ಅಂಕಿ ಯಾವ ಮಾದರಿ ಎಂಬ ಪಟ್ಟಿ ಒಂದು ಕಾಗದದಲ್ಲಿ ಬರೆದು ಅವರ ಜೇಬಿಗೆ ಹೋಗುತ್ತದೆ. ಗೆರೆಯಕ್ಕ ಮರುದಿನ ಗೆರೆ ಓದಿ, ರಿಜಿಸ್ಟರಿನಲ್ಲಿ ಬರೆದು, ಸಹಿ ಹಾಕಿದ ನಂತರವೇ ಫೋನ್ ಮಾಡಿ ಪಟ್ಟಿ ಕೇಳಬೇಕು. ಇದು ಅವರೇ ತಮಗೆ ಹಾಕಿಕೊಂಡ ಕಟ್ಟಳೆ.

"ನನ್ನ ಕಣ್ಣು ಒಳ್ಳೇದೇ. ಆದ್ರೆ ಆಸೆ ಇದ್ಯಲ್ಲ, ಅದು ಕಣ್ಣಿಗಿಂತ ಮುಂಚೆ ನೋಡ್ಬಿಡತ್ತೆ," ಎನ್ನುವುದು ಅವರ ವಾದ.

ಆಸೆಯ ಈ ಅವಸರ ಎಂಥದ್ದೆಂಬುದು ಮೂರು ವಾರದ ಹಿಂದೆ ಗೊತ್ತಾಗಿದೆ. ಹೊಸದಾಗಿ ಮೂರು ಮೊಲಗಳಿಗೆ ಚುಚ್ಚುಮದ್ದು ಕೊಟ್ಟಿದ್ದರು. ನಲವತ್ತೊಂದನೆಯದರ ಸೀರಮ್ ಏನನ್ನೂ ಗುರುತಿಸಲಿಲ್ಲ. ನಲವತ್ತೆರಡನೆಯದರ ಪರೀಕ್ಷೆಯ ದಿನ ಗೆರೆಯಕ್ಕ ಹಲ್ಲುನೋವಿಗೆ ರಜೆ ಹಾಕಿದ್ದರು. ಬೇರೆಯವರು ಮಾಡಿದರು. ಕಪ್ಪಗೆ, ದಪ್ಪಗೆ, ಇರಬೇಕಾದ ಎತ್ತರಕ್ಕೆ ಸರಿಯಾಗಿ ಗೆರೆ ಬಂತು. ಈಗಿನ ಮುಖ್ಯಸ್ಥೆ ಸಿಹಿ ತರಿಸಿದರು. ಇಪ್ಪತ್ತು ವರ್ಷದ ಹಿಂದೆ ಇಲ್ಲೇ ವಿದ್ಯಾರ್ಥಿನಿಯಾಗಿ ಗೆರೆಯಕ್ಕನಿಂದ ಜೆಲ್ ಹಾಕುವುದು ಕಲಿತವರು ಅವರು. ಜನರಿದ್ದರೆ ಗೆರೆಯಕ್ಕ ಅವರನ್ನು ಮೇಡಂ ಎನ್ನುತ್ತಾರೆ, ಇಲ್ಲದಿದ್ದರೆ ಏ ಹುಡುಗಿ.

ಮರುದಿನ ಊದಿದ ಕೆನ್ನೆ ಹಿಡಿದುಕೊಂಡು ಬಂದ ಗೆರೆಯಕ್ಕ ಹಾಳೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ಖಾಲಿ ಲೇನ್ ಎಲ್ಲಿ?"

ಜೆಲ್ಲಿನಲ್ಲಿ ಒಂದೊಂದು ಮಾದರಿ ಓಡುವ ದಾರಿಗೆ ಲೇನ್ ಎನ್ನುತ್ತಾರೆ. ಅವುಗಳಲ್ಲಿ ಒಂದರಲ್ಲಿ ಈ ಚಾನೆಲ್ಲನ್ನು ತಯಾರಿಸದ ಕೋಶಗಳನ್ನು ಹಾಕುವುದು ಕ್ರಮ. ಅಲ್ಲಿ ಗೆರೆ ಬರಕೂಡದು. ರೋಗಿಗಳ ಮಾದರಿ ಹೆಚ್ಚಿದ್ದುದರಿಂದ, ಜಾಗ ಉಳಿಸಲು ಅವತ್ತು ಅದೊಂದನ್ನು ಬಿಟ್ಟಿದ್ದರು. ಗೆರೆಯಕ್ಕ ಮತ್ತೆ ಮಾಡಿದರು. ಖಾಲಿ ಲೇನಿನಲ್ಲೂ ಅದೇ ಗೆರೆ, ಅಷ್ಟೇ ಕಪ್ಪಾಗಿ. ನಲವತ್ತೆರಡು ಗುರುತಿಸುತ್ತಿದ್ದದ್ದು ಅದೇ ತೂಕದ ಬೇರೆ ಯಾವುದೋ ಪ್ರೊಟೀನನ್ನು. ಆ ಹಾಳೆಯನ್ನು ನಂಬಿದ್ದರೆ ಅಂಚೆಯಾಕೆಗೆ ‘ನಿಮ್ಮ ಚಾನೆಲ್ ಸರಿಯಾಗಿದೆ’ ಎಂಬ ಉತ್ತರ ಹೋಗುತ್ತಿತ್ತು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ, ಕಪ್ಪಗಿರೋದೆಲ್ಲ ಗೆರೆ ಅಲ್ಲ," ಎನ್ನುತ್ತಾರೆ ಗೆರೆಯಕ್ಕ. "ಮೇಡಂ ಸಿಹಿ ಡಬ್ಬಿ ಮುಚ್ಚಳ ಮುಚ್ಚಿದ್ರು. ನಂಗೆ ಹಲ್ಲುನೋವು, ಹೇಗಿದ್ರೂ ತಿನ್ನೋ ಹಾಗಿರ್ಲಿಲ್ಲ."

ಉಳಿದಿರುವುದು ನಲವತ್ತಮೂರು. ಅದರ ಪರೀಕ್ಷೆಯೇ ಇಂದು.

ಆರೂ ಮುಕ್ಕಾಲಿಗೆ ಮಾದರಿಗಳು ಜೆಲ್ಲಿಗೆ ಇಳಿಯುತ್ತವೆ. ಆರು ನಳಿಗೆಗಳಿಂದ ಎಡಕ್ಕೆ ಆರು ಲೇನ್, ಬಲಕ್ಕೆ ಅವೇ ಆರು ಮತ್ತೊಮ್ಮೆ. ಆರರಲ್ಲಿ ಎರಡು ಸರಿಯಾದ ಚಾನೆಲ್, ಎರಡು ಖಾಲಿ, ಎರಡು ಅಂಚೆಯಾಕೆಯದು. ಯಾವುದು ಯಾವುದೆಂದು ಈ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೆರೆಯಕ್ಕನ ಬಲಗೈ ಹೆಬ್ಬೆರಳು ಮೂವತ್ತೈದು ವರ್ಷ ಹನಿ ಅಳೆದು ಬಿಡುವ ಪಿಪೆಟ್ಟಿನ ಗುಂಡಿ ಒತ್ತಿ ಒತ್ತಿ ಈಗ ಪೂರ್ತಿ ಮಡಚುವುದಿಲ್ಲ. ತೋರುಬೆರಳಿನ ಬದಿಯಿಂದ ಒತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದಾರೆ. ಹನಿ ಒಮ್ಮೆಯೂ ಅಲುಗುವುದಿಲ್ಲ. ಇಷ್ಟು ಬೇಗ ಯಾಕೆ ಬರುತ್ತೀರಿ ಎಂದರೆ, ಒಂಬತ್ತು ಗಂಟೆಗೆ ಎಲ್ಲರೂ ಬಂದು ಇರುವ ಎರಡು ವಿದ್ಯುತ್ ಪೆಟ್ಟಿಗೆಗಳಿಗೆ ಕಿತ್ತಾಡುತ್ತಾರೆ ಎಂಬ ಉತ್ತರ.

ಎಂಟೂ ಇಪ್ಪತ್ತಕ್ಕೆ ಜೆಲ್ಲಿನಲ್ಲಿರುವುದನ್ನು ಬಿಳಿ ಹಾಳೆಗೆ ಇಳಿಸುವ ಕೆಲಸ. ಹತ್ತು ಗಂಟೆಗೆ ಹಾಳೆಯನ್ನು ಹಾಲಿನ ಪುಡಿ ಕದಡಿದ ನೀರಲ್ಲಿ ನೆನೆಸುತ್ತಾರೆ. ಹಾಳೆಯ ಖಾಲಿ ಜಾಗಗಳನ್ನು ಹಾಲು ತುಂಬಿಕೊಂಡರೆ ಆಂಟಿಬಾಡಿ ಕಂಡಕಂಡಲ್ಲಿ ಅಂಟುವುದಿಲ್ಲ. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿದೆ: ‘ಇದು ಚಹಾಕ್ಕಲ್ಲ. ತಿಂಗಳಿಗೆ ಎಷ್ಟು ಚಮಚ ಕಡಿಮೆಯಾಗುತ್ತದೆ ಎಂದು ನನಗೆ ಗೊತ್ತು.’ ಹನ್ನೊಂದಕ್ಕೆ ಹಾಳೆಯನ್ನು ನಟ್ಟನಡುವೆ ಕತ್ತರಿಸುತ್ತಾರೆ. ಎಡದ ತುಂಡಿಗೆ ಹದಿನೇಳು, ಬಲದ ತುಂಡಿಗೆ ನಲವತ್ತಮೂರು. ಎರಡೂ ತಟ್ಟೆಗಳು ತೊಟ್ಟಿಲಿನಂಥ ಯಂತ್ರದ ಮೇಲೆ ಎರಡು ತಾಸು ತೂಗಬೇಕು.

ಆ ಬಿಡುವಿನಲ್ಲಿ ಅವರು ಹೋಗುವುದು ಹಿಂಬದಿಯ ಪ್ರಾಣಿಗೃಹಕ್ಕೆ. ಅಲ್ಲಿನ ಪಾಲಕರನ್ನು ಎಲ್ಲರೂ ಮೊಲದ ಮಾಮ ಎನ್ನುತ್ತಾರೆ. ನಲವತ್ತಮೂರು ಒಂದು ಕಿವಿ ಮಡಚಿಕೊಂಡು ಮೂಲೆಯಲ್ಲಿ ಕೂತಿದೆ.

"ಏನಮ್ಮಾ, ಪರೀಕ್ಷೆ ನಿನ್ನದೋ ಇದರದ್ದೋ? ಇದು ಆರಾಮಾಗಿ ಮೇಯ್ತಿದೆ, ನಿನ್ನ ಮುಖ ಬಾಡಿದೆ," ಎಂದು ಮಾಮ ಕೆಣಕುತ್ತಾರೆ.

"ಇದಕ್ಕೇನು, ಪಾಸಾದ್ರೂ ಹುಲ್ಲು, ಫೇಲಾದ್ರೂ ಹುಲ್ಲು."

ಅವರು ಗರಿಕೆಯ ಎಳೆಯೊಂದನ್ನು ಒಳಗೆ ತೂರಿಸುತ್ತಾರೆ. ಹದಿನೇಳರಿಂದ ಕೊನೆಯ ಸಲ ರಕ್ತ ತೆಗೆದ ದಿನ ಅದು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗೆರೆಯಕ್ಕ ಅವತ್ತು ರಜೆ ಹಾಕಿದ್ದರು. ಈ ಸಲ ಕಿವಿಯ ನರದಿಂದ ಸ್ವಲ್ಪ ಸ್ವಲ್ಪವೇ ತೆಗೆಯಬೇಕು, ಕೊನೆಯ ರಕ್ತ ಎಂಬುದು ಇರಕೂಡದು ಎಂದು ಮುಖ್ಯಸ್ಥೆಯಿಂದ ಬರೆಸಿಕೊಂಡಿದ್ದಾರೆ. ಆ ಕಾಗದ ಮಾಮನ ಬಾಗಿಲಿಗೆ ಅಂಟಿಸಿದೆ.

ಹಿಂದಿರುಗುವಾಗ ಮೆಟ್ಟಿಲ ಮೇಲೆ ನಿಂತು ಅವರು ಸುಧಾರಿಸಿಕೊಳ್ಳುತ್ತಾರೆ. "ನಿಜ ಹೇಳ್ಲಾ? ಇದು ಗೆಲ್ಲಲಿ ಅಂತ ಒಂದು ಮನಸ್ಸು. ಗೆಲ್ಲದೇ ಹೋದ್ರೆ ಹದಿನೇಳರ ಥರ ಇನ್ನೊಂದು ಇಲ್ಲ ಅಂತಾಯ್ತಲ್ಲ ಅಂತ ಇನ್ನೊಂದು ಹಾಳು ಮನಸ್ಸು. ಅದಕ್ಕೇ ಚೀಟಿ ಅವರ ಜೇಬಲ್ಲಿರೋದು."

ಮಧ್ಯಾಹ್ನ ಮೂರೂ ಹದಿನೈದು. ತೊಳೆದು, ಮೊದಲನೆಯದು ಅಂಟಿದ ಕಡೆ ಬೆಳಕು ಕೊಡುವ ಎರಡನೇ ಆಂಟಿಬಾಡಿ ಹಾಕಿ, ಮತ್ತೆ ತೊಳೆದ ಹಾಳೆಯ ತುಂಡುಗಳು ಕ್ಯಾಮೆರಾ ಪೆಟ್ಟಿಗೆಯೊಳಗೆ ಹೋಗಿವೆ. ಮುಖ್ಯಸ್ಥೆ ಮೀಟಿಂಗ್ ಬಿಟ್ಟು ಬಂದು ಹಿಂದೆ ನಿಂತಿದ್ದಾರೆ. ಪರದೆಯ ಮೇಲೆ ಎಡದ ತುಂಡು ಮೊದಲು ಮೂಡುತ್ತದೆ. ಅದು ಹದಿನೇಳರದು. ಗೆರೆಗಳು ಈ ಚಾನೆಲ್ಲಿನ ತೂಕವಾದ ನೂರಿಪ್ಪತ್ತು ಕಿಲೋಡಾಲ್ಟನ್ ಗುರುತಿನ ಆಸುಪಾಸಿನಲ್ಲಿವೆ. ಬಲದ ತುಂಡು ಇನ್ನೂ ಬೋಳು. ಒಂದು ನಿಮಿಷ. ಎರಡು ನಿಮಿಷ. ಮೂರನೇ ನಿಮಿಷಕ್ಕೆ ಬಲಗಡೆಯೂ ಪೆನ್ಸಿಲಿನಲ್ಲಿ ಎಳೆದಂತೆ ತೆಳ್ಳಗೆ ಗೆರೆ ಏಳುತ್ತದೆ.

ಗೆರೆಯಕ್ಕ ಕನ್ನಡಕ ಏರಿಸಿ, ಬಲಗಡೆಯದನ್ನು ಗಟ್ಟಿಯಾಗಿ ಓದುತ್ತ ರಿಜಿಸ್ಟರಿನಲ್ಲಿ ಬರೆಯುತ್ತಾರೆ. "ಒಂದು, ಇದೆ. ಎರಡು, ಇಲ್ಲ. ಮೂರು, ಮಸುಕು. ನಾಲ್ಕು, ಇಲ್ಲ. ಐದು, ಇದೆ. ಆರು, ಮಸುಕು." ಎಡಗಡೆಯದೂ ಹಾಗೇ, ಇನ್ನಷ್ಟು ಸ್ಪಷ್ಟವಾಗಿ. ಸಹಿ ಹಾಕಿ, ಫೋನ್ ಸ್ಪೀಕರಿಗೆ ಹಾಕುತ್ತಾರೆ.

"ಏನ್ರೀ, ಚೀಟಿ ತೆಗೀರಿ."

"ಯಾವ ಚೀಟಿ?"

"ಯಾವ ಚೀಟಿ ಅಂದ್ರೆ! ನಿನ್ನೆ ಬರೆದಿದ್ದು. ಜೇಬಲ್ಲಿದೆ ನೋಡಿ."

"ನಿನ್ನೆ ಅಂಗಿ ಜೇಬಲ್ಲಿ." ಆ ಕಡೆ ಬಚ್ಚಲಿನ ಬಾಗಿಲು ತೆರೆದ ಸದ್ದು. "ಅಂಗಿ ಬಕೆಟ್‌ನಲ್ಲಿದೆ ಕಣೆ."

"ಯಾಕೆ ಬಕೆಟ್‌ನಲ್ಲಿದೆ?"

"ಬೆಳಿಗ್ಗೆ ಹೋಗ್ತಾ ಹೋಗ್ತಾ ನೀನೇ ತಾನೆ ಅಂದಿದ್ದು, ಕೊಳೆ ಬಟ್ಟೆ ನೆನೆಹಾಕಿ, ಬರೀ ಕೂತಿರ್ಬೇಡಿ ಅಂತ! ಹೆಂಡತಿ ಮಾತು ಕೇಳಿದ್ರೂ ತಪ್ಪು, ಕೇಳದೇ ಇದ್ರೂ ತಪ್ಪು."

ಮುಖ್ಯಸ್ಥೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ನಗುವೋ ಗಾಬರಿಯೋ ತಿಳಿಯುವುದಿಲ್ಲ. ಪಟ್ಟಿ ಹೋದರೆ ಇಡೀ ದಿನದ ಹಾಳೆ ಹೋಯಿತು. ಹದಿನೇಳರ ಇನ್ನೊಂದು ನಳಿಗೆ ತೆಗೆಯಬೇಕು. ಫೋನಿನಲ್ಲಿ ನೀರು ಸುರಿಯುವ ಸದ್ದು, ಬಟ್ಟೆ ಹಿಂಡುವ ಸದ್ದು, ಹಿಂದಿನಿಂದ ಎಂಬತ್ತೆರಡು ವರ್ಷದ ಅತ್ತೆಯ ದನಿ: "ಏನಾಯ್ತೋ? ಗೆರೆ ಬಂತಂತಾ?"

"ಇರಮ್ಮ ಸ್ವಲ್ಪ!" ಎನ್ನುತ್ತಾರೆ ಯಜಮಾನರು. ಆಮೇಲೆ ನಿಧಾನವಾಗಿ: "ಸಿಕ್ತು. ಹಪ್ಪಳದ ಹಾಗೆ ಮೆತ್ತಗಾಗಿದೆ. ನಾಲ್ಕು ಮಡಿಕೆ. ಬಿಡಿಸ್ತಿದೀನಿ, ಉಸಿರಾಡ್ಬೇಡಿ ಯಾರೂ."

"ಅಕ್ಷರ ಇದ್ಯಾ?"

"ಇರದೇ ಏನು? ಪೆನ್ಸಿಲ್ ಕಣೆ. ನೀನೇ ಕಲಿಸಿದ್ದು. ಬರ್ಕೋ. ಒಂದು, ಸರಿಯಾದ್ದು. ಎರಡು, ಖಾಲಿ. ಮೂರು..." ಇನ್ನೊಂದು ಮಡಿಕೆ ಬಿಡಿಸುತ್ತಾರೆ. "ಮೂರು, ಅಂಚೆಯಮ್ಮ. ನಾಲ್ಕು, ಖಾಲಿ. ಐದು, ಸರಿಯಾದ್ದು. ಆರು, ಅಂಚೆಯಮ್ಮ. ಸರಿ ಹೋಯ್ತಾ?"

ಗೆರೆಯಕ್ಕ ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ರಿಜಿಸ್ಟರಿನ ಒಂದೊಂದು ಸಾಲಿನ ಮುಂದೆಯೂ ಸರಿ ಗುರುತು ಹಾಕುತ್ತ ಹೋಗುತ್ತಾರೆ. ಆರಕ್ಕೆ ಆರು.

"ಏ ಹುಡುಗಿ," ಎಂದು ತಿರುಗುತ್ತಾರೆ, ಕೋಣೆಯಲ್ಲಿ ಇನ್ನೂ ನಾಲ್ಕು ಜನರಿರುವುದನ್ನು ಮರೆತು. "ಇದು ಸುಳ್ಳು ಹೇಳಲ್ಲ."

ನಲವತ್ತಮೂರರ ಗೆರೆ ತೆಳು. ಎರಡರಷ್ಟು ಹಾಕಬೇಕಾಗುತ್ತದೆ. ಆದರೆ ಅದು ಇರಬೇಕಾದ ಕಡೆ ಇದೆ, ಇರಬಾರದ ಕಡೆ ಇಲ್ಲ. ನಾಲ್ಕು ಸಲ ಕಿವಿಯಿಂದ ತೆಗೆದ ರಕ್ತದ ಸೀರಮ್ ನಲವತ್ತೆಂಟು ಮಿಲಿಲೀಟರ್ ಆಗಲೇ ಫ್ರೀಜರಿನಲ್ಲಿದೆ, ಮೊಲ ಹುಲ್ಲು ತಿನ್ನುತ್ತಿದೆ. ಜೊತೆಗೆ ಮೂರನೇ ಮತ್ತು ಆರನೇ ಲೇನಿನ ಮಸುಕು ಗೆರೆಗೂ ಒಂದು ಅರ್ಥ ಇದೆ. ಅಂಚೆಯಾಕೆಯ ವಂಶವಾಹಿ ಸೇರಿಸಿದ ಕೋಶಗಳಲ್ಲಿ ಚಾನೆಲ್ ತಯಾರಾಗುತ್ತದೆ, ಆದರೆ ಅದರ ಬಹುಪಾಲು ಉಳಿಯುವುದಿಲ್ಲ. ಎರಡು ಮೊಲಗಳು, ಮೂವತ್ತು ವರ್ಷದ ಅಂತರದಲ್ಲಿ, ಒಂದೇ ಮಾತು ಹೇಳಿವೆ.

"ಆಕೆಗೆ ಇವತ್ತೇ ಫೋನ್ ಮಾಡ್ಲಾ ಅಕ್ಕ?" ಎಂದು ಮುಖ್ಯಸ್ಥೆ ಕೇಳುತ್ತಾರೆ. ಅವರ ಕೈ ಆಗಲೇ ಫೋನಿನ ಮೇಲಿದೆ.

"ಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಇನ್ನೂ ಎರಡು ಸಲ ಮಾಡೋಣ, ಹೊಸ ಕೋಶ ಬೆಳೆಸಿ. ಹನ್ನೊಂದು ಸೆಕೆಂಡು ಕಾದೋಳು ನಾನು, ಇನ್ನು ಹನ್ನೊಂದು ದಿನ ಕಾಯಲ್ವಾ? ಆಮೇಲೆ ನೀವು ಫೋನ್ ಮಾಡ್ಬೇಡಿ, ಕಾಗದ ಬರೀರಿ. ದೊಡ್ಡ ಅಕ್ಷರದಲ್ಲಿ. ಅವರ ಸಾಹೇಬರ ಮೇಜಿನ ಮೇಲೆ ಇಡೋ ಹಾಗಿರ್ಬೇಕು."

ಆ ಎರಡು ಸಲಕ್ಕೂ ನಲವತ್ತಮೂರೇ ಸಾಕು ಎಂದು ಅವರು ತೀರ್ಮಾನಿಸಿದ್ದಾರೆ. ನಿವೃತ್ತಿಯ ದಿನ ಏನು ಬೇಕು ಎಂದು ಮುಖ್ಯಸ್ಥೆ ವಾರದಿಂದ ಕೇಳುತ್ತಿದ್ದರಂತೆ. ಶಾಲು, ಗಡಿಯಾರ ಯಾವುದೂ ಬೇಡ ಎಂದಿದ್ದರು. ಈಗ ಕೈ ತೊಳೆದುಕೊಳ್ಳುತ್ತ, ಯಾರೂ ಕೇಳದಿದ್ದರೂ ಹೇಳುತ್ತಾರೆ.

"ಹದಿನೇಳನ್ನ ಮುಗಿಸ್ಬೇಡಿ, ಅಷ್ಟೇ. ಮುಂದೆ ಯಾವಾಗ್ಲೋ ಹೊಸ ಮೊಲ ಬರತ್ತೆ. ಅದು ನಿಜ ಹೇಳ್ತಿದ್ಯಾ ಅಂತ ಕೇಳೋಕೆ ಮನೇಲಿ ಒಬ್ರು ಹಿರೀಕರು ಇರ್ಬೇಕಲ್ಲ."

ಸಂಜೆ ಐದಕ್ಕೆ ಮತ್ತೆ ದಪ್ಪ ಕೈಗವಸು ತೊಟ್ಟು ಫ್ರೀಜರಿನ ಮುಂದೆ ನಿಲ್ಲುತ್ತಾರೆ. ಪೆಟ್ಟಿಗೆ ಹೊರತೆಗೆದು ನಳಿಗೆಗಳನ್ನು ಎಣಿಸಿ, ಹಳೆಯ ಚೀಟಿ ಕಿತ್ತು, ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆಯುತ್ತಾರೆ. ಇದೊಂದನ್ನು ಯಜಮಾನರಿಂದ ಬರೆಸುವುದಿಲ್ಲ, ತಾವೇ ಬರೆಯುತ್ತಾರೆ. ಮೊಲ ೧೭. ಹದಿನೈದು ನಳಿಗೆ. ಒಟ್ಟು ೧೫೦ ಮೈಕ್ರೋಲೀಟರ್.